ಎರಡನೆಯ ಮೂಟೆ

ಹಳೇ ಮೈಕ್ರೊವೇವು. ಸುಗುಣಾ ಮೇಡಂ ಮನೆಯಲ್ಲಿ
ಹತ್ತು ವರ್ಷ ಹಾಲು ಕಾಯಿಸಿದ್ದು.
ಅದರ ನೆತ್ತಿಗೆ ತೂತು ಕೊರೆದವನು ಸಾಲಗಾಮೆ ರಸ್ತೆಯ ಜಬೀವುಲ್ಲಾ.
"ಇದೆಂಥ ಓದಮ್ಮ" ಎನ್ನುತ್ತಲೇ
ಅಲೆ ಸೋರದ ಹಾಗೆ ಹಿತ್ತಾಳೆಯ ಕೊರಳು ಕೂರಿಸಿಕೊಟ್ಟ.

ಕೊರಳೊಳಗಿಂದ ಗಾಜಿನ ನಳಿಗೆ, ಮೇಲೆ ತಣ್ಣೀರ ಸುರುಳಿ.
ಕೆಳಗೆ ಬುರುಡೆಯಲ್ಲಿ ರಾತ್ರಿಯೆಲ್ಲ ನೆನೆದ ಏಲಕ್ಕಿ,
ನಮ್ಮಂಗಡಿಯದೇ, ಐವತ್ತು ಗ್ರಾಂ,
ಅಪ್ಪ ತೂಗಿ, ಪೊಟ್ಟಣ ಕಟ್ಟಿ, ದಾರ ಹಲ್ಲಲ್ಲಿ ಕಡಿದು ಕೊಟ್ಟದ್ದು.

ಬೆಂಕಿ ಇಲ್ಲ. ಗುಂಯ್ ಎನ್ನುತ್ತದೆ, ಅಷ್ಟೆ.
ಕಾಯೊಳಗಿನ ನೀರು ತನ್ನಷ್ಟಕ್ಕೆ ತಾನೇ ನಡುಗಿ
ಕಾದು, ಉಬ್ಬಿ,
ಇದ್ದ ಮನೆಯ ಗೋಡೆ ಒಡೆದು
ಎಣ್ಣೆಯ ಕೈ ಹಿಡಿದು ಹೊರಬೀಳುತ್ತದೆ.
ಮೂರು ಗಂಟೆಯ ಕೆಲಸ, ಇಪ್ಪತ್ತು ನಿಮಿಷಕ್ಕೆ.
ನೀರಿನ ಮೇಲೆ ತೇಲಿ ನಿಂತಿತು
ಎರಡೂವರೆ ಮಿಲಿ, ತಿಳಿಹಳದಿ.
ಪಕ್ಕದ ಕ್ಲಾಸಿನವರು ಪಾಯಸ ಯಾರದೆಂದು ಇಣುಕಿ ಹೋದರು.

ಎರಡನೆಯ ಮೂಟೆಯದು ಇನ್ನೂ ದಪ್ಪ, ಇನ್ನೂ ಹಸಿರು.
ಮದುವೆಮನೆಯವರಿಗೆಂದೇ ಅಪ್ಪ ಎತ್ತಿಟ್ಟಿದ್ದು.
ಗುಂಯ್. ಇಪ್ಪತ್ತು ನಿಮಿಷ.
ನೀರು ಬಂತು. ನೀರೇ ಬಂತು.
ಮೇಲೆ ಸೊಳ್ಳೆ ರೆಕ್ಕೆಯಷ್ಟು ತೆಳುವಾಗಿ ಏನೋ ಮಿನುಗಿತು.
ಮತ್ತೆ ಮಾಡಿದೆ. ಮೂರನೇ ಸಲ ಮೇಡಂ ತಾವೇ ನಿಂತು ಮಾಡಿದರು.
ಮಾಡಿ, ಕನ್ನಡಕ ಒರೆಸಿ,
"ನಿನಗಿಂತ ಮುಂಚೆ ಯಾರೋ ಹಿಂಡಿದ್ದಾರೆ ಕಣೇ" ಎಂದರು,
"ಹಿಂಡಿ, ಬಣ್ಣ ಬಳಿದು, ಒಣಗಿಸಿ ಮಾರಿದ್ದಾರೆ."

ಸಂಜೆ, ಕಟ್ಟಿನಕೆರೆ ಮಾರ್ಕೆಟ್ಟು. ಪದ್ಮರಾಜಯ್ಯನ ಅಂಗಡಿ ಎಂದರೆ
ಕಣ್ಣು ಮುಚ್ಚಿ ಊರು ಹೇಳುವ ಮೂಗು:
ಇದು ಸಕಲೇಶಪುರದ್ದು, ಇದು ಮೂಡಿಗೆರೆಯದ್ದು,
ಇದು ಒಣಹಾಕಿದಾಗ ಮಳೆಗೆ ಸಿಕ್ಕಿದ್ದು.
ಆ ಮೂಗಿನ ಮುಂದೆ ಎರಡು ಸೀಸೆ ಇಟ್ಟೆ.
ಒಂದನ್ನು ಮೂಸಿ ನಕ್ಕ.
ಇನ್ನೊಂದನ್ನು ಮೂಸಿ,
ಮುಚ್ಚಳ ತೆಗೆದಿದ್ದೇನಾ ಎಂದು ನೋಡಿಕೊಂಡ.

ಹೇಳಿದೆ.
ಆ ಮೂಟೆಯ ಒಂದು ಕಾಯಿ ಕಡಿದು, ಅಂಗೈಗೆ ಉಗುಳಿ,
ಬಹಳ ಹೊತ್ತಿನ ಮೇಲೆ ಕೇಳಿದ:
"ನೀನು ಎಣ್ಣೆ ತೆಗೆದ ಕಾಯಿ ಏನು ಮಾಡಿದೆ?"
"ಲ್ಯಾಬಿನ ಕಿಟಕಿ ಹತ್ತಿರ ತಟ್ಟೆಯಲ್ಲಿ ಒಣಗ್ತಿದೆ."
"ಸುಟ್ಟುಬಿಡು. ನಾಳೆಯೇ. ಯಾರ ಕೈಗಾದರೂ ಸಿಕ್ಕೀತು."

ಅಷ್ಟರಲ್ಲಿ ಒಬ್ಬಾಕೆ ಬಂದು ನೂರು ರೂಪಾಯಿಗೆ ಏಲಕ್ಕಿ ಎಂದಳು.
ಅಪ್ಪನ ಕೈ ಅಭ್ಯಾಸದಂತೆ ಎರಡನೆಯ ಮೂಟೆಗೆ ಹೋಗಿ
ಗಾಳಿಯಲ್ಲೇ ತಡೆದು, ಈಚೆಗೆ ಬಂತು.
ತಕ್ಕಡಿ ಕೊಂಚ ಜಾಸ್ತಿಯೇ ತೂಗಿತು.

ಮೂಟೆಯ ಬಾಯಿ ಕಟ್ಟಿದ್ದನ್ನು ನೋಡಿದ್ದೇನೆ.
ಎಸೆದದ್ದನ್ನು ಇನ್ನೂ ನೋಡಿಲ್ಲ.