ಸೆಪ್ಟೆಂಬರಿನ ಪ್ರಶ್ನೆ

ಸೆಪ್ಟೆಂಬರ್ ಬಂತೆಂದರೆ ಗ್ರಿಮ್ಸ್‌ಬಿಯ ಮಾರ್ಕೆಟ್ಟಿಗೆ
ಮೀನಿನ ವಾಸನೆಯ ಜೊತೆ ಒಂದು ಪ್ರಶ್ನೆಯೂ ಬರುತ್ತದೆ:
"ಈ ಸಲದ್ದು ತಗೋಬಹುದಾ?"

ಉಣ್ಣೆ ಟೋಪಿ ಮಾರುವವನಿಗೂ ಬೀಗದಕೈ ಕೊರೆಯುವವನಿಗೂ ನಡುವೆ
ಮೂರಡಿ ಅಗಲದ ಗೂಡಂಗಡಿ ನನ್ನದು.
ಒಂದು ದೀಪ, ಒಂದು ಭೂತಗನ್ನಡಿ,
ಸಾಸಿವೆಗಿಂತ ಸಣ್ಣ ತಿರುಪುಗಳಿಗೆ ಅಯಸ್ಕಾಂತದ ಚಾಪೆ.
ಹಿಂದೆ ಕಂಪನಿಯವರು ಪುಕ್ಕಟೆ ಕೊಟ್ಟ ಪೋಸ್ಟರು:
ಹೊಸ ಮಾಡೆಲ್, ಹೊಸ ಬಣ್ಣ. ಈ ವರ್ಷದ ಬಣ್ಣ
ಹಾಗಲಕಾಯಿಯನ್ನು ಹಾಲಲ್ಲಿ ಅದ್ದಿದಂತಿದೆ.

ಹೊಸದೊಂದು ಮಾರಿದರೆ ನನಗೆ ನಲವತ್ತು ಪೌಂಡು,
ಬ್ಯಾಟರಿ ಬದಲಿಸಿದರೆ ಹನ್ನೆರಡು.
ಈ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ,
ಮುಂದೆ ನನ್ನನ್ನು ಸಾಧು ಅಂದುಕೊಳ್ಳಬೇಡಿ.

ಲೊರೇನ್ ಬಂದಳು.
ನಸುಕಿನ ನಾಲ್ಕಕ್ಕೆ ಮನೆ ಬಿಟ್ಟು
ಹಡಾಕ್ ಮೀನಿನ ಮುಳ್ಳು ಬಿಡಿಸುವವಳು, ಮೂವತ್ತೊಂದು ವರ್ಷದಿಂದ.
ಬೆಕ್ಕು ಸತ್ತ ಇಲಿಯನ್ನು ತಂದಿಟ್ಟ ಹಾಗೆ
ಕೌಂಟರಿನ ಮೇಲೆ ಫೋನಿಟ್ಟಳು, ಅರ್ಧ ಹೆಮ್ಮೆ, ಅರ್ಧ ದೂರು.
"ಚಾರ್ಜ್ ಆಗ್ತಿಲ್ಲ. ನನ್ನ ಬೆರಳನ್ನೂ ಗುರುತು ಹಿಡೀತಿಲ್ಲ.
ಹೊಸದು ಮುಖ ನೋಡಿಯೇ ತೆರೆಯುತ್ತಂತಲ್ಲ?"

ಬೆರಳು ತೋರಿಸು ಅಂದೆ.
ಉಪ್ಪುನೀರು, ಮಂಜುಗಡ್ಡೆ, ಚಾಕಿನ ಹಿಡಿ
ತಿಕ್ಕಿ ತಿಕ್ಕಿ ತುದಿಯೆಲ್ಲ ನುಣುಪು,
ಹಳೆಯ ಒರಳಿನ ಒಳಮೈ.
ಗೆರೆಯಿಲ್ಲ, ಸುಳಿಯಿಲ್ಲ.
ಫೋನಿನದೇನು ತಪ್ಪು?
ಅದಕ್ಕೆ ಓದು ಬರುತ್ತದೆ, ಪುಟ ಖಾಲಿ.
ಇದನ್ನು ಅವಳಿಗೆ ಹೇಳಲಿಲ್ಲ.

ಹೊಸದರ ಗುಣಗಾನ ಓದಿದೆ, ಕೇಳಿದ್ದಾಳಲ್ಲ:
ಪರದೆ ಕೂದಲೆಳೆಯಷ್ಟು ದೊಡ್ಡದು,
ಚಂದ್ರನ ಫೋಟೋ ತೆಗೆದರೆ ಗುಳಿಗಳೂ ಕಾಣುತ್ತವೆ,
ತೂಕ ಹದಿನಾಲ್ಕು ಗ್ರಾಂ ಕಡಿಮೆ.
"ಹದಿನಾಲ್ಕು ಗ್ರಾಂ ಅಂದ್ರೆ?"
"ಒಂದು ಸೀಗಡಿ."
"ಸುಲಿದದ್ದಾ, ಸಿಪ್ಪೆ ಸಮೇತವಾ?"
ಅವಳಿಗದು ತಮಾಷೆಯಲ್ಲ, ಕಸುಬಿನ ಪ್ರಶ್ನೆ.

ಇನ್ನು ಮುಖ.
ಕತ್ತಲ ಬಸ್‌ಸ್ಟಾಪಿನಲ್ಲಿ
ಮೂಗಿನವರೆಗೆ ಮಫ್ಲರು, ಹುಬ್ಬಿನವರೆಗೆ ಟೋಪಿ,
ಉಳಿದ ಎರಡು ಬೆರಳಗಲದಲ್ಲಿ
ಯಾರ ಗುರುತು ಸಿಕ್ಕೀತು ಅದಕ್ಕೆ?
"ನನ್ನ ಗಂಡನಿಗೇ ಸಿಗಲ್ಲ," ಅಂದಳು.

ಸೂಜಿ ಹಿಡಿದು ಚಾರ್ಜಿನ ಕಿಂಡಿ ಕೆದಕಿದೆ.
ಜೇಬಿನ ನೂಲು, ಬಿಸ್ಕತ್ತಿನ ಪುಡಿ, ಉಪ್ಪು,
ಕೊನೆಗೆ ಭೂತಗನ್ನಡಿಯ ಕೆಳಗೆ
ಒಂದೇ ಒಂದು ಮೀನಿನ ಹುರುಪೆ.
ದೀಪಕ್ಕೆ ಹಿಡಿದರೆ ಉಂಗುರ ಉಂಗುರ ಗೆರೆ.
ವರ್ಷಕ್ಕೊಂದು ಸುತ್ತು, ಅವಳೇ ಹೇಳಿದ್ದು.
ಕಣ್ಣು ಕಿರಿದು ಮಾಡಿ ಎಣಿಸಿದಳು: ಐದು.
"ನೋಡು, ಇದೂ ವರ್ಷವರ್ಷ ಹೊಸದಾಗಿದೆ,
ಅದೇ ಮೀನಿನ ಮೈಮೇಲೆ."

ಟಿಂಗ್ ಅಂತು ಫೋನು. ಹಸಿರು ಮಿಂಚು.
ಇಷ್ಟಕ್ಕೆ ಸಾವಿರ ಪೌಂಡಿನ ಮಾತಾಡುತ್ತಿದ್ದೆವು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಬೆರಳ ಬದಲು ನಾಲ್ಕು ಅಂಕಿ ಇಟ್ಟುಕೋ ಅಂದು
ಮರ್ಯಾದೆಗೆ ತಲೆ ತಿರುಗಿಸಿ ನಿಂತೆ.
ಅವಳೋ ಗಟ್ಟಿಯಾಗಿ ಹೇಳಿಕೊಂಡೇ ಒತ್ತಿದಳು,
ಅಪ್ಪ ದುಡಿಯುತ್ತಿದ್ದ ದೋಣಿಯ ನಂಬರು.
ಟೋಪಿ ಮಾರುವ ಡೆರಿಕ್ ಕೂಡ
ಈಗ ಅವಳ ಫೋನು ತೆರೆಯಬಲ್ಲ.

ಎಷ್ಟಾಯ್ತು ಅಂದಳು. ಏನೂ ಇಲ್ಲ ಅಂದೆ.
ಸಾಧುತನವಲ್ಲ, ಮೊದಲೇ ಹೇಳಿದ್ದೇನೆ.
ನನ್ನ ರೇಟು ಪಟ್ಟಿಯಲ್ಲಿ
ಹುರುಪೆ ತೆಗೆಯುವುದಕ್ಕೆ ಸಾಲೇ ಇಲ್ಲ.
ಸಂಜೆ ಕಾಗದದಲ್ಲಿ ಸುತ್ತಿದ ಎರಡು ತುಂಡು ಹಡಾಕ್ ಬಂತು.
ಮೀನು ಮುಟ್ಟದ ಮನೆಯವಳು ನಾನು,
ಇಲ್ಲಿಗೆ ಬಂದ ಮೂರನೇ ಚಳಿಗಾಲಕ್ಕೇ
ಆ ಆವೃತ್ತಿ ಹಳತಾಯಿತು.

ಶಟರ್ ಅರ್ಧ ಎಳೆದು, ಯಾರೂ ಇಲ್ಲವೆಂದು ನೋಡಿ,
ಹಾಗಲಬಣ್ಣದ್ದನ್ನು ಕೈಗೆತ್ತಿಕೊಂಡೆ.
ನಿಜ, ಒಂದು ಸೀಗಡಿಯಷ್ಟು ಹಗುರ.
ಇಟ್ಟೆ.
ಒಡೆದ ಮೂಲೆಗೆ ಟೇಪು ಸುತ್ತಿದ ನನ್ನದನ್ನು
ಇನ್ನೊಂದು ಕೈಯಲ್ಲಿ ಹಿಡಿದು
ಮತ್ತೆ ಎತ್ತಿದೆ.