ಅಂಗೈ ಚುಕ್ಕೆ

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಇದು ಹುಣ್ಣಲ್ಲ, ಜೆನೊನ್. ನೋಯುವುದಿಲ್ಲ, ತುರಿಸುವುದಿಲ್ಲ.
ಹಳೇ ತಾಮ್ರದ ಕಾಸಿನ ಬಣ್ಣದ ಏಳೆಂಟು ಚುಕ್ಕೆ
ಎರಡೂ ಅಂಗೈಯಲ್ಲಿ,
ಯಾರೋ ಚಿಲ್ಲರೆ ಎಣಿಸಿಕೊಟ್ಟು ಹೋದ ಹಾಗೆ.

ಮೂವತ್ತೊಂದು ವರ್ಷ ವುಚ್ ಪಟ್ಟಣದಲ್ಲಿ
ಟ್ರಾಮ್ ಓಡಿಸಿದ ಕೈ ಇದು.
ಹಿಡಿಕೆ ಸವೆಯಿತು, ಕೈ ಸವೆಯಲಿಲ್ಲ.
ಮೊದಲು ಸೋಪನ್ನು ಬೈದೆ.
ಆಮೇಲೆ ಚೆಹೊಚಿನೆಕ್‌ನ ಆ ಗೋಡೆಯನ್ನು ಬೈದೆ:
ಒಣಮುಳ್ಳಿನ ಒಟ್ಟಿಲ ಮೇಲಿಂದ
ಹನಿಹನಿ ಇಳಿಯುವ ಉಪ್ಪುನೀರಿನ ಪಕ್ಕ ಕೂತು
ದಿನಕ್ಕೆ ನಲವತ್ತು ನಿಮಿಷ ಉಸಿರಾಡಿ ಎಂದಿದ್ದರಲ್ಲ ವೈದ್ಯರು,
ನಾವು ಮೂರು ಗಂಟೆ ಉಸಿರಾಡಿದೆವು.
ಮೊಣಕಾಲಿಗೆಂದು ಸರ್ಕಾರ ಕೊಟ್ಟ ಇಪ್ಪತ್ತೊಂದು ದಿನ;
ಸಂಜೆ ಏಳಕ್ಕೆ ಅಕಾರ್ಡಿಯನ್ ಕೇಳಿದ್ದೇ ತಡ
ಮೊಣಕಾಲು ತಾನೇ ವಾಸಿಯಾಗುತ್ತಿತ್ತು.

ಪಕ್ಕದ ಮನೆಯ ಯಾದ್ವಿಗಾ ಕ್ಯಾಮೊಮೈಲ್ ಕುದಿಸಿಕೊಟ್ಟಳು.
"ಲಿವರ್ ಇರಬೇಕು" ಅಂದಳು.
ಲಿವರ್ ಅಂದುಕೊಂಡೇ ಮೂರು ರಾತ್ರಿ ಮಲಗಿದೆ.
ನಾಲ್ಕನೆಯ ರಾತ್ರಿ ಕನ್ನಡಕ ಏರಿಸಿ
ಫೋನಿನಲ್ಲಿ ಎರಡೇ ಪದ ಒತ್ತಿದೆ: ಅಂಗೈ, ಚುಕ್ಕೆ.
ಓದಿದೆ.
ಫೋನನ್ನು ಬ್ರೆಡ್ಡಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಗಂಡ ಹೋಗಿ ಒಂಬತ್ತು ವರ್ಷ.
ಬಸಿರಿನ ಭಯ ಹೋಗಿ ಹದಿನೈದು.
ಇನ್ನೊಂದು ಭಯ ಬಾಕಿ ಇದೆ ಎಂದು ಯಾರೂ ಹೇಳಲಿಲ್ಲ;
ಕೇಳಬೇಕೆಂದು ನನಗೂ ತೋಚಲಿಲ್ಲ, ನಿನಗೂ.

ಬುಧವಾರ ಸಂಜೆ ನಾಲ್ಕಕ್ಕೆ ತೆರೆಯುವ ಕೋಣೆ.
ಹೆಸರು ಬೇಡ, ಅಂಕಿ ಕೊಡುತ್ತಾರೆ.
ನನಗೇನು ಹೊಸದೆ? "ಹನ್ನೊಂದು ಬಂತು" ಅನ್ನುತ್ತಿದ್ದರು ಜನ,
ಬೊಝೆನಾ ಬಂದಳು ಅಂತ ಯಾರೂ ಅಂದದ್ದಿಲ್ಲ.
ಸಾಲಿನಲ್ಲಿದ್ದವರೆಲ್ಲ ಮೊಮ್ಮಗನ ಓರಗೆಯವರು.
ಒಬ್ಬ ಎದ್ದು ಕುರ್ಚಿ ಬಿಟ್ಟುಕೊಟ್ಟ.
"ಯಾರನ್ನೋ ಕರಕೊಂಡು ಬಂದಿರಾ, ಅಜ್ಜಿ?"
"ನನ್ನನ್ನೇ ಕಣಪ್ಪ."
ಅವನು ಕೆಂಪಗಾದ. ನಾನು ಆಗಲಿಲ್ಲ.
ಆದೆನೋ ಏನೋ, ಅಲ್ಲಿ ಕನ್ನಡಿ ಇರಲಿಲ್ಲ.

ಹುಬ್ಬಿಗೆ ಉಂಗುರ ಹಾಕಿದ್ದ ಹುಡುಗಿ ಕೇಳಿದಳು:
ಮೂರು ತಿಂಗಳಲ್ಲಿ ಎಷ್ಟು ಮಂದಿ?
ಒಬ್ಬ. ಚೆನ್ನಾಗಿ ಕುಣಿಯುತ್ತಿದ್ದ.
ಕಾಂಡೋಮ್?
ಕಿಟಕಿಯಾಚೆ ನೋಡಿದೆ.
ಅವಳು ಬರೆದದ್ದನ್ನು ತಲೆಕೆಳಗಾಗಿ ಓದಿಕೊಂಡೆ:
"ಇಲ್ಲ" ಎಂದಿತ್ತು, ಅಷ್ಟೇ.
ಪಾದ್ರಿಯ ಮುಂದೆ ಮೊಣಕಾಲೂರಿದಾಗ
ಇಷ್ಟು ಅಗ್ಗಕ್ಕೆ ಬಿಡುಗಡೆ ಸಿಕ್ಕಿದ್ದಿಲ್ಲ.

ಆಮೇಲಿನ ಏಳು ದಿನ ಮಾತ್ರ ಕೇಳಬೇಡ.
ನನ್ನ ಬಟ್ಟಲು ಬೇರೆ ತೊಳೆದೆ, ಟವೆಲ್ ಬೇರೆ ಕುದಿಸಿದೆ.
ಮರಿಮಗಳು ಕೆನ್ನೆಗೆ ಕೆನ್ನೆ ತಂದಾಗ
ನೆಗಡಿ ಎಂದು ಸುಳ್ಳು ಹೇಳಿದೆ.
ಅವಳು ದೂರ ನಿಂತು, ಗಾಳಿಯಲ್ಲೇ ಒಂದು ಮುತ್ತು ಎಸೆದಳು.
ಹಿಡಿಯಲು ಕೈ ಎತ್ತಿದವಳು
ಚುಕ್ಕೆ ಕಂಡೀತೆಂದು ಮುಷ್ಟಿ ಕಟ್ಟಿಕೊಂಡೆ.

ಎಚ್‌ಐವಿ ಇಲ್ಲ. ಸಿಫಿಲಿಸ್ ಇದೆ.
"ಬಟ್ಟಲಿಗೆಲ್ಲ ಅಂಟಲ್ಲ" ಅಂದರು ಚರ್ಮದ ಡಾಕ್ಟರು,
ಎಷ್ಟು ಜನರಿಗೆ ಹೇಳಿ ಸಾಕಾಗಿತ್ತೋ.
ಪೆನಿಸಿಲಿನ್, ಕುಂಡಿಯ ಎಡಕ್ಕೊಂದು, ಬಲಕ್ಕೊಂದು.
ಮತ್ತೆ ಮೂರು ತಿಂಗಳಿಗೆ ರಕ್ತ ಕೊಡಬೇಕು.
ಹೊರಡುವಾಗ, ಬಾಗಿಲ ಹತ್ತಿರ:
"ಅವರಿಗೂ ತಿಳಿಸುತ್ತೀರಲ್ಲ?"

ಕ್ಯಾಂಟೀನಿನ ಕಾಗದದ ಕರವಸ್ತ್ರದಲ್ಲಿ ನಿನ್ನ ನಂಬರು.
ಏಳೋ ಒಂದೋ ತಿಳಿಯದ ಒಂದು ಅಂಕಿ.
ಏಳು ಒತ್ತಿದರೆ ಗ್ಡಾನ್ಸ್ಕ್‌ನ ಯಾವುದೋ ಪೇಂಟಿನ ಅಂಗಡಿ.
ಈಗ ಒಂದು ಒತ್ತುತ್ತೇನೆ.
ಯಾರಿಂದ ಬಂತು ಎಂದು ಕೇಳುವುದಿಲ್ಲ.
ಕೇಳುತ್ತೇನೆ, ಆದರೆ ಆಮೇಲೆ.
ಮೊದಲು ಇದು: ದೀಪ ಹಾಕು, ಅಂಗೈ ನೋಡಿಕೋ.
ಚುಕ್ಕೆ ಇಲ್ಲದಿದ್ದರೂ ಹೋಗು,
ನಿಮ್ಮ ತೊರುನ್‌ನಲ್ಲೂ ಇಂಥದೊಂದು ಕೋಣೆ ಇದ್ದೀತು.
ಕುರ್ಚಿ ಬಿಟ್ಟುಕೊಡುತ್ತಾರೆ, ನಾಚಬೇಡ.
ಸೂಜಿ ನೋಯುತ್ತದೆ, ಸುಳ್ಳು ಹೇಳುವುದಿಲ್ಲ,
ಎರಡು ದಿನ
ಕುಣಿಯುವುದಕ್ಕಾಗುವುದಿಲ್ಲ.