ತಣ್ಣಗಿದ್ದಾಗಲೇ ಅಳೆಯಬೇಕು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಕರೆಂಟು ಹೋಗಿ ಬಂದರೆ
ತೂಕದ ಚೀಟಿ ಕೊಡುವ ನನ್ನ ಪ್ರೋಗ್ರಾಮು
ಎಚ್ಚರಾಗಲು ಅರ್ಧ ಲೋಟ ಟೀ ಹಿಡಿಯುತ್ತಿತ್ತು.
ಇದು ತಕ್ಕಡಿ ಪಿಳ್ಳಪ್ಪನ ಅಳತೆ:
'ಮುಂಚೆ ಕಾಲು ಲೋಟ ಇತ್ತಲ್ಲಮ್ಮೋ.'

ಜಾಲರಿ ತಟ್ಟೆಗಳಲ್ಲಿ ಹಳದಿ ಗೂಡು.
ಕೂಗಿ ಹಿಡಿದು ನಿಂತ ಅಫ್ಸರ್ ಪಾಷ,
ದಿಬ್ಬೂರಹಳ್ಳಿ ಕಡೆಯಿಂದ ನಸುಕಿಗೇ ಬಂದವರು,
ಎಲ್ಲರ ಕಣ್ಣೂ ಒಂದು ಕಪ್ಪು ಪರದೆಯ ಮೇಲೆ.
ಕಾದಷ್ಟೂ ಗೂಡಿನ ತೂಕ ಇಳಿಯುತ್ತದೆ.
ನನ್ನ ಸೆಕೆಂಡಿಗೂ ಗ್ರಾಂ ಲೆಕ್ಕ ಉಂಟೆಂದು
ಯಾರೂ ಹೇಳಲಿಲ್ಲ. ನೋಡಿದರು.

ಗಡಿಯಾರ ಹಿಡಿದೆ. ಮೂವತ್ತೆಂಟು.
ಮತ್ತೆ ಓಡಿಸಿದೆ. ಹತ್ತೊಂಬತ್ತು!
ಏನೂ ಮಾಡದೆ ಅರ್ಧ ಇಳಿಸಿದೆನೆಂದು
ಬೀಗುತ್ತ ಊಟಕ್ಕೆ ಹೋದೆ.

ಅದು ಮೊದಲ ಓಟದ ಬಿಸಿ.
ಕುದಿಯುವ ನೀರಿಗೇ ಇನ್ನೊಂದು ಹಿಡಿ ಗೂಡು ಸುರಿದು
ಒಲೆ ಎಷ್ಟು ಚುರುಕು ಅಂದ ಹಾಗೆ.
ಯಂತ್ರ ಆರಿಸಿ, ತಣಿಸಿ, ಹಚ್ಚಿದೆ:
ಮತ್ತದೇ ಮೂವತ್ತೆಂಟು.

ರೂಬಿಯಲ್ಲಿ ಬೇರೆಯವರು ಬರೆದಿಟ್ಟದ್ದಕ್ಕೆ
ಜೆಮ್ ಅನ್ನುತ್ತಾರೆ, ರತ್ನ. ಪುಕ್ಕಟೆ.
ಪುಕ್ಕಟೆಯೆಂದು ಇನ್ನೂರ ಹದಿನಾರು ಪೋಣಿಸಿದ್ದೆ.

ಅಫ್ಸರನ ಅಮ್ಮ ಖೈರುನ್ನೀಸಾ
ಬಿಚ್ಚಾಣಿಕೆ ಬಾಣಲೆಯ ಮುಂದೆ ಕೂತು ಹೇಳಿದ್ದರು:
ಸಿಕ್ಕ ಕಡೆ ಎಳೆದರೆ ಸಿಕ್ಕಾಗುತ್ತೆ ಬೇಟಿ,
ತುದಿ ಹುಡುಕು.
ಪ್ರತಿ ರತ್ನದ ಮುಂದೊಂದು ಹಿಂದೊಂದು
ವೇಳೆ ಬರೆಸುತ್ತ ಹೋದೆ.

ತಿಂಗಳಿಗೊಮ್ಮೆ ಬೇಕಾದ ಪಿಡಿಎಫ್‌ಗೆ ದಿನವೂ ಏಳು ಸೆಕೆಂಡು.
ಯಾರೂ ತೆರೆಯದ ಎಕ್ಸೆಲ್ಲಿಗೆ ನಾಲ್ಕು.
ಭೂಮಿಯ ಮೇಲಿನ ಊರೂರಿನ ಗಂಟೆ
ಓದಿಕೊಂಡು ಬರುವುದೊಂದಕ್ಕೆ ಮೂರು.
ನಮಗೋ, ಹರಾಜಿನ ಗಂಟೆ ಒಂದೇ.

ಆಮೇಲೆ ಹತ್ತು. ಇಡಿಯಾಗಿ ಹತ್ತು:
ಎಂದೋ ನಿಂತುಹೋದ ಎಸ್ಸೆಮ್ಮೆಸ್ ಕಂಪನಿಯ ಬಾಗಿಲು ತಟ್ಟಿ
ಯಾರಾದರೂ ತೆಗೆದಾರೆಂದು ಕಾದು
ಸುಮ್ಮನೆ ವಾಪಸಾಗುತ್ತಿತ್ತು, ದಿನಾ.
ಯಾವ ದಡ್ಡ ಬರೆದನಪ್ಪಾ ಇದನ್ನು!
ಸಾಲಿನ ಪಕ್ಕ ನೋಡಿದರೆ
ಮೂರು ವರ್ಷದ ಹಿಂದಿನ ತಾರೀಖು,
ನನ್ನದೇ ಹೆಸರು.

ಅದನ್ನು ಅಳಿಸಿದೆ. ಮಿಕ್ಕವಕ್ಕೆ
ಕರೆದಾಗ ಬನ್ನಿ ಸಾಕು ಅಂದೆ.
ಚಿಲ್ಲರೆ ಆಯುವುದಕ್ಕೇ ಎರಡು ವಾರ.

ಮೊನ್ನೆ ಹರಾಜಿನ ನಡುವೆ ಕರೆಂಟು ಹೋಯಿತು, ಬಂತು.
ಐದು.
ಯಾರೂ ತಲೆಯೆತ್ತಿ ನೋಡಲಿಲ್ಲ.
ಪಿಳ್ಳಪ್ಪ ಮಾತ್ರ ತುಂಬಿದ ಲೋಟ ಕೆಳಗಿಟ್ಟು
'ಕುಡಿಯೋಕೂ ಬಿಡಾಕಿಲ್ಲ ಈವಮ್ಮ' ಅಂದ.

ತಿಂಗಳ ಕೊನೆಗೆ ಸಾಹೇಬರು
ಪಿಡಿಎಫ್ ಗುಂಡಿ ಒತ್ತಿದರು.
ಆ ಏಳು ಸೆಕೆಂಡು ಎಲ್ಲೂ ಹೋಗಿರಲಿಲ್ಲ,
ಅಲ್ಲಿ ಕೂತಿತ್ತು.
ಕಾಯಲಿ. ಅವರಿಗೆ ಕುರ್ಚಿಯಿದೆ.